ಸೋಮವಾರದ ಹಾಡುಗಳು

ಆ ಮನೆಯಲ್ಲಿ ಭಾನುವಾರದ ಚಹಾ ಕೈಗೆ ಬಂದರೂ ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೆ ಮೊದಲು ಮಗ ಹಾಕುವ ಒಂದು ಹೊಸ ಹಾಡನ್ನು ಕೇಳಬೇಕಿತ್ತು. ಹಾಡು ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ, ಲೋಟ ಮುಟ್ಟುವಂತಿಲ್ಲ. ಮುಗಿದ ಮೇಲೆ ಪ್ರತಿಯೊಬ್ಬರೂ ತಮಗೆ ಏನು ಕಾಣಿಸಿತೆಂದು ಹೇಳಲೇಬೇಕು. ಇದು ಮಗ ಮಾಡಿದ ಕಾನೂನು. ಹಾಲಿನ ವ್ಯಾನ್ ಓಡಿಸುವವನಿಗೆ ಕಾನೂನು ಮಾಡಲು ಬೇರೆಲ್ಲಿ ಅವಕಾಶ ಸಿಗಬೇಕು? ಮನೆಯಲ್ಲೇ ಆ ಆಸೆ ತೀರಿಸಿಕೊಂಡಿದ್ದ.

ಹಾಡುಗಳಾದರೂ ಎಂಥವು? ಯಾರೂ ಕೇಳದಂಥವು. ಇದಕ್ಕೆ ಆಲ್ಟ್ ಕಂಟ್ರಿ ಅನ್ನುತ್ತಾರೆ, ಅಮೆರಿಕಾನಾ ಅಂತಲೂ ಕರೆಯುತ್ತಾರೆ ಎಂದು ಅವನು ವಿವರಿಸುತ್ತಿದ್ದ. ಹಗಲು ಬಡಗಿ ಕೆಲಸವನ್ನೋ ಲಾರಿ ಕೆಲಸವನ್ನೋ ಮಾಡಿ, ರಾತ್ರಿ ಅಡುಗೆಮನೆಯಲ್ಲಿ ಕೂತು ಹಾಡಿ ರೆಕಾರ್ಡ್ ಮಾಡಿದವರು. ಅವರ ಹಾಡು ಕೇಳಿದವರನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಬಸ್ಸೂ ತುಂಬದು. ಮೇಜಿನಂತೆ ಮಲಗಿಸಿದ ಗಿಟಾರಿನ ತಂತಿಗಳ ಮೇಲೆ ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ವಾದ್ಯವೊಂದು ಅವುಗಳಲ್ಲಿ ಇದ್ದೇ ಇರುತ್ತಿತ್ತು. ಅದು ಎಳೆದೆಳೆದು ಅಳುತ್ತಿತ್ತು. ಹೆಸರಿಗೆ ಮಾತ್ರ ಅಮೆರಿಕ, ಗೋಳು ನಮ್ಮನೆಯದೇ ಎಂದು ಅಪ್ಪ ನಗುತ್ತಿದ್ದ.

ಈ ಅಪ್ಪನಿಗೆ ಬೀದಿಯವರು ಇಟ್ಟ ಹೆಸರು ಸೋಫಾಪ್ಪ. ಹಳೆಯ ಸೋಫಾ, ಕುರ್ಚಿಗಳ ಬಟ್ಟೆ ಕಿತ್ತು, ಸ್ಪ್ರಿಂಗ್ ಬಿಗಿದು, ಹೊಸ ಸ್ಪಂಜು ತುಂಬಿ ಹೊಲಿದುಕೊಡುವ ಅಂಗಡಿ ಅವನದು. ಕೆಲಸದ ಹೊತ್ತಿನಲ್ಲಿ ಬಾಯಿತುಂಬ ಸಣ್ಣ ಮೊಳೆಗಳನ್ನು ಇಟ್ಟುಕೊಂಡಿರುತ್ತಿದ್ದರಿಂದ ಹಗಲೆಲ್ಲ ಮೌನವ್ರತ; ಅದರ ಸೇಡನ್ನು ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದ. ಹಾಡು ಮುಗಿದು ಮಗ ಏನು ಕಾಣಿಸಿತೆಂದು ಕೇಳಿದರೆ, "ಚಹಾ ಆರ್ತಾ ಇರೋದು ಕಾಣಿಸ್ತು. ಕೋಣನ ಮುಂದೆ ಕಿನ್ನರಿ ಬಾರಿಸಿ ಯಾಕಪ್ಪಾ ಕೈ ನೋಯಿಸ್ಕೋತೀಯ?" ಎನ್ನುತ್ತಿದ್ದ. ಸೊಸೆ ಮಾತ್ರ ಕಣ್ಣು ಮುಚ್ಚಿ ಕೇಳಿ, ರೈಲು ಹೋದ ಮೇಲಿನ ನಿಲ್ದಾಣ ಕಾಣಿಸಿತು, ಮಡಿಸಿಟ್ಟ ಅಂಗಿ ಕಾಣಿಸಿತು ಎಂದೆಲ್ಲ ಹೇಳುತ್ತಿದ್ದಳು. ಗಂಡನ ಮುಖ ಅರಳುತ್ತಿತ್ತು. ಆದರೂ ಮುಂದಿನ ಭಾನುವಾರ ಅವನು ಮೊದಲು ಕೇಳುತ್ತಿದ್ದುದು ಅಪ್ಪನನ್ನೇ.

ಒಂದು ಮುಂಜಾನೆ ಆ ಮಗ ಹಾಲಿನ ವ್ಯಾನನ್ನು ರಸ್ತೆಯ ಬದಿಗೆ ಅಚ್ಚುಕಟ್ಟಾಗಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗಿಗೆ ತಲೆಯಾನಿಸಿದವನು ಮತ್ತೆ ಎತ್ತಲಿಲ್ಲ. ಹೃದಯ ನಿಂತಿತ್ತು. ಬಾಗಿಲು ತೆಗೆದು ನೋಡಿದವರು ಹೇಳಿದರು, ಒಳಗೆ ಹಾಡು ಇನ್ನೂ ಕೇಳಿಸುತ್ತಿತ್ತಂತೆ.

ಆಮೇಲೂ ಭಾನುವಾರಗಳು ಬಂದವು. ಚಹಾ ಬಿಸಿಬಿಸಿಯಾಗಿಯೇ ಸಿಗುತ್ತಿತ್ತು. ಸೋಫಾಪ್ಪ ಅದನ್ನು ಆರುವವರೆಗೆ ಮುಟ್ಟುತ್ತಿರಲಿಲ್ಲ.

ಸೊಸೆ ಕನ್ನಡಕದ ಅಂಗಡಿಯೊಂದರಲ್ಲಿ ಫ್ರೇಮುಗಳಿಗೆ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು. ವಾರವೆಲ್ಲ ಕಲ್ಲಿನ ಹಾಗೆ ಇರುವ ಹುಡುಗಿ ಸೋಮವಾರ ಬೆಳಿಗ್ಗೆ ಮಾತ್ರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಿಟಕಿಯ ಬಳಿ ಕೂರುವುದನ್ನೂ, ಎದ್ದಾಗ ಮುಖ ಸ್ವಲ್ಪ ಸಡಿಲವಾಗಿರುವುದನ್ನೂ ಮಾವ ಗಮನಿಸಿದ. ತಡೆಯಲಾರದೆ ಕೇಳಿಯೂ ಬಿಟ್ಟ. ಅವಳು ನಾಚಿಕೊಂಡೇ ಹೇಳಿದಳು. ಗಂಡ ಹಾಡು ಕೇಳುತ್ತಿದ್ದ ಆ್ಯಪಿನಲ್ಲಿ ಅವನ ಖಾತೆ ಇನ್ನೂ ಇದೆ, ಅದು ಅವಳ ಫೋನಿನಲ್ಲೂ ತೆರೆಯುತ್ತದೆ. ಅವನು ಇಷ್ಟು ವರ್ಷ ಏನೇನು ಕೇಳಿದ್ದನೋ ಅದನ್ನೆಲ್ಲ ನೋಡಿಕೊಂಡು, ಅವನಿಗೆ ಹಿಡಿಸಬಹುದಾದ ಹೊಸ ಹಾಡುಗಳನ್ನು ಅದು ಪ್ರತಿ ಸೋಮವಾರ ಆರಿಸಿ ಕಳಿಸುತ್ತದೆ. ಅವನಿಲ್ಲದಿದ್ದರೂ ಕಳಿಸುತ್ತಲೇ ಇದೆ.

"ಅವರೇ ಹುಡುಕಿ ಕೊಟ್ಟ ಹಾಗಿರುತ್ತೆ ಮಾವ," ಎಂದಳು. "ಇದೊಂದು ನಿಂತುಹೋದ್ರೆ ನಾನು ಏನು ಮಾಡ್ತೀನೋ ಗೊತ್ತಿಲ್ಲ."

ಆ ಮಾತು ಸೋಫಾಪ್ಪನ ಎದೆಗೆ ನಾಟಿತು. ನಿಂತುಹೋಗಬಾರದು, ಅಷ್ಟೇ. ಅಂಗಡಿಗೆ ಸೀಟು ಹೊಲಿಸಲು ಬಂದ ಆಟೋದವನನ್ನು ಸುತ್ತಿಬಳಸಿ ವಿಚಾರಿಸಿದ. ಬಳಸದ ಫೋನ್ ನಂಬರನ್ನು ಕಂಪನಿಯವರು ಕಿತ್ತುಕೊಳ್ಳುವಂತೆ ಬಳಸದ ಖಾತೆಯನ್ನೂ ಮುಚ್ಚಿಬಿಡುತ್ತಾರೆ ಎಂದು ಆಟೋದವನು ಘಂಟಾಘೋಷವಾಗಿ ಹೇಳಿದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮ ಸೋಫಾಪ್ಪನದು. ಮರುದಿನವೇ ಮಗನ ಹಳೆಯ ಫೋನನ್ನು ಅಂಗಡಿಗೆ ಒಯ್ದು, ಹೊಲಿಗೆ ಮೆಷಿನ್ನಿನ ಪಕ್ಕ ಇಟ್ಟ. ಬೆಳಿಗ್ಗೆ ಷಟರ್ ಎತ್ತಿದಾಗ ಶುರುವಾದ ಹಾಡು ಸಂಜೆ ಷಟರ್ ಎಳೆಯುವವರೆಗೆ ನಿಲ್ಲುತ್ತಿರಲಿಲ್ಲ. ಯಾವ ಹಾಡು ಎಂಬುದರ ಗೊಡವೆ ಅವನಿಗಿರಲಿಲ್ಲ. ತನ್ನ ಕಾಲದ ಸಿನಿಮಾ ಹಾಡು, ಆಟೋದವನಿಗೆ ಬೇಕಾದ ಕುಣಿತದ ಹಾಡು, ಪಕ್ಕದ ಅಂಗಡಿಯಾಕೆಯ ಮಗುವನ್ನು ಸುಮ್ಮನಿರಿಸುವ ಹಾಡು, ಎಲ್ಲಕ್ಕೂ ಸ್ವಾಗತ. ಖಾತೆ ಉಸಿರಾಡುತ್ತಿದ್ದರೆ ಸಾಕು. ಸೊಸೆಗೆ ಹೇಳಲಿಲ್ಲ, ಪಾಪ, ಅವಳಿಗೆ ಆ ಚಿಂತೆ ಬೇರೆ ಯಾಕೆ ಎಂದುಕೊಂಡ. ಮಗನಿಗಾಗಿ ಕೊನೆಗೂ ಒಂದು ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನದಲ್ಲಿ ರಾತ್ರಿ ನಿದ್ದೆಯೂ ಬರತೊಡಗಿತು.

ಕೆಲವು ವಾರಗಳ ನಂತರ ಒಂದು ಸೋಮವಾರ ಸೊಸೆ ಕಿಟಕಿಯ ಬಳಿಯಿಂದ ಏಳಲೇ ಇಲ್ಲ. ಇಯರ್‌ಫೋನ್ ಮಡಿಲಲ್ಲಿ ಬಿದ್ದಿತ್ತು.

"ಮಾವ, ಅವರು ಹೋಗ್ತಾ ಇದ್ದಾರೆ," ಎಂದಳು.

ಹುಡುಗಿಗೆ ತಲೆ ಕೆಟ್ಟಿತೇ ಎಂದು ಅವನಿಗೆ ಗಾಬರಿಯಾಯಿತು. ಅವಳು ಫೋನನ್ನು ಮುಂದೆ ಹಿಡಿದಳು. ಹೋದ ವಾರ ಒಂದೆರಡಾದರೂ ಅವರಂಥ ಹಾಡು ಇದ್ದವು, ಈ ವಾರ ಒಂದೂ ಇಲ್ಲ ಎಂದಳು. ಬರೀ ಡೋಲು, ಕುಣಿತ, ಮಕ್ಕಳ ಪದ್ಯ. ಯಾಕೆ ಹೀಗಾಯಿತೋ ತಿಳಿಯುತ್ತಿಲ್ಲ ಎಂದಳು. ಸೋಫಾಪ್ಪನಿಗೆ ಉಸಿರು ಬಂದಂತಾಯಿತು. ಇಷ್ಟೇ ತಾನೆ? ಗುಟ್ಟು ಬಿಚ್ಚಿ ಧೈರ್ಯ ಹೇಳುವ ಕಾಲ ಬಂತೆಂದುಕೊಂಡ.

"ಖಾತೆ ಮುಚ್ಚಲ್ಲಮ್ಮ, ಹೆದರ್ಬೇಡ. ಅಂಗಡೀಲಿ ಬೆಳಗಿಂದ ಸಂಜೆವರೆಗೂ ನಾನೇ ಹಾಡು ಹಾಕ್ತಾ ಇದ್ದೀನಿ. ಒಂದು ದಿನಾನೂ ತಪ್ಪಿಸಿಲ್ಲ."

ಅವಳು ಮಡಿಲಲ್ಲಿದ್ದ ಇಯರ್‌ಫೋನನ್ನು ಸುತ್ತಿಟ್ಟಳು. ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು. ಆ ಖಾತೆಯಲ್ಲಿ ಏನು ಕೇಳುತ್ತೇವೋ ಅಂಥದ್ದನ್ನೇ ಅದು ಕಳಿಸುತ್ತದೆ. ಅದಕ್ಕೇ ಅವಳು ಅದರಲ್ಲಿ ಬೇರೆ ಒಂದು ಹಾಡನ್ನೂ ಮುಟ್ಟದೆ ಕಾದುಕೊಂಡಿದ್ದಳು.

"ಅದಕ್ಕೆ ಸಾವು ಗೊತ್ತಾಗಲ್ಲ ಮಾವ. ಅವರಿಗೆ ಈಗ ಇದೇ ಇಷ್ಟ ಅಂದ್ಕೊಂಡಿದೆ." ಆಮೇಲೆ ಎದ್ದು ಬ್ಯಾಗು ಹೆಗಲಿಗೇರಿಸಿ, "ನೀವು ಬೇಕೂಂತ ಮಾಡಿದ್ದಲ್ಲ ಬಿಡಿ," ಎಂದು ಕೆಲಸಕ್ಕೆ ಹೊರಟಳು.

ಬೈದಿದ್ದರೆ ಚೆನ್ನಾಗಿತ್ತು. ಸೋಫಾಪ್ಪನಿಗೆ ಕೂತ ಕಡೆ ಕೂರಲಾಗಲಿಲ್ಲ, ನಿಂತ ಕಡೆ ನಿಲ್ಲಲಾಗಲಿಲ್ಲ. ಹಾಲಿನ ವ್ಯಾನಿನಿಂದ ಇಳಿದು ಬಂದು ಈ ಫೋನಿನೊಳಗೆ ಒಂದಿಷ್ಟು ಉಳಿದುಕೊಂಡಿದ್ದ ಮಗನನ್ನು ತಾನೇ ಕೈಯಾರೆ ಹೊರಗೆ ಹಾಕಿದೆನಲ್ಲ ಎಂದು ಹಳಹಳಿಸಿದ.

ಆದರೆ ಅವನು ರಿಪೇರಿಯವನು. ಕೆಟ್ಟದ್ದನ್ನು ಬಿಚ್ಚಿ ಮತ್ತೆ ಕಟ್ಟುವುದೊಂದೇ ಅವನಿಗೆ ಗೊತ್ತಿದ್ದ ದಾರಿ. ಮಗ ಬದುಕಿದ್ದಾಗ ಉಳಿಸಿಟ್ಟಿದ್ದ ಹಳೆಯ ಹಾಡುಗಳನ್ನು ಹುಡುಕಿ, ಅಂಗಡಿಯಲ್ಲಿ ಅವನ್ನೇ ಹಾಕತೊಡಗಿದ. ಆಟೋದವನು ಮೂಗು ಮುರಿದರೆ, ಬಾಯಲ್ಲಿ ಮೊಳೆ ಇದ್ದುದರಿಂದ ಬಾಗಿಲ ಕಡೆ ಕೈ ತೋರಿಸಿದ. ಮಾತು ಅರ್ಥವಾಗುತ್ತಿರಲಿಲ್ಲ, ಅಳುವ ಗಿಟಾರು ಮೊದಲಿನಂತೆಯೇ ಅಳುತ್ತಿತ್ತು. ಔಷಧಿ ಕುಡಿಯುವಂತೆ ಕೇಳುತ್ತಿದ್ದ.

ಒಂದು ಮಧ್ಯಾಹ್ನ ಹಾಡೊಂದು ಶುರುವಾಗುವ ಮೊದಲು ಫೋನಿನೊಳಗಿಂದ ಕಿರ್ರೆಂದು ಒಂದು ಸದ್ದು ಕೇಳಿಸಿತು. ಸೋಫಾಪ್ಪನ ಕೈ ನಿಂತಿತು. ಅದು ಕುರ್ಚಿ. ಮರದ್ದು. ಹಿಂಗಾಲಿನ ಕೀಲು ಸಡಿಲವಾಗಿದೆ, ಕೂತವನು ಮುಂದಕ್ಕೆ ಬಾಗಿದಾಗಲೆಲ್ಲ ಅಲುಗುತ್ತದೆ. ತಾನಾಗಿದ್ದರೆ ಒಂದು ಚಕ್ಕೆ, ಸ್ವಲ್ಪ ಅಂಟು ಹಾಕಿ ಸರಿಮಾಡಿಕೊಡುತ್ತಿದ್ದ. ಕುರ್ಚಿ ಕಂಡ ಮೇಲೆ ಅದರಲ್ಲಿ ಕೂತವನೂ ಕಂಡ. ದಣಿದು ಬಂದು, ಬೂಟು ಬಿಚ್ಚದೆ, ಮನೆಯವರಿಗೆ ಎಚ್ಚರವಾಗದಂತೆ ಸಣ್ಣ ದನಿಯಲ್ಲಿ ಹಾಡುತ್ತಿರುವ ಮನುಷ್ಯ. ಸೋಫಾಪ್ಪ ಬಾಯಿಂದ ಮೊಳೆಗಳನ್ನು ಅಂಗೈಗೆ ಉಗುಳಿ, ಹಾಡು ಮುಗಿಯುವವರೆಗೆ ನಿಂತೇ ಇದ್ದ. ಆಮೇಲೆ ಅಂಥವೇ ಬೇರೆ ಹಾಡುಗಳನ್ನು ತಾನೇ ಹುಡುಕಲು ಶುರುಮಾಡಿದ.

ಸೋಮವಾರದ ಪಟ್ಟಿಗೆ ಗಿಟಾರು ಮರಳಿ ಬಂತು. ಅವನು ಹಿಗ್ಗಿ ಫೋನನ್ನು ಸೊಸೆಗೆ ಕೊಟ್ಟ. ಅವಳು ಪೂರ್ತಿ ಕೇಳಿದಳು.

"ಚೆನ್ನಾಗಿವೆ ಮಾವ. ಆದ್ರೆ ಇವು ಅವರದ್ದಲ್ಲ." ಅವರಿಗೆ ಪಿಟೀಲು ಬೇಕಿತ್ತು, ಎರಡನೆಯ ಚರಣಕ್ಕೆ ಹೆಣ್ಣುದನಿ ಬಂದು ಸೇರಬೇಕಿತ್ತು ಎಂದಳು. ಇವೆಲ್ಲ ವಯಸ್ಸಾದ ಒಂಟಿ ದನಿಗಳು. "ಇವು ನಿಮ್ಮವು."

ಹೋದವನು ಇನ್ನು ಬರುವುದಿಲ್ಲ ಎಂದು ಮಸಣದಲ್ಲೂ ಅರ್ಥವಾಗದಿದ್ದುದು ಆಗ ಸೋಫಾಪ್ಪನಿಗೆ ಅರ್ಥವಾಯಿತು.

ಆ ಭಾನುವಾರ ಸೊಸೆ ಚಹಾ ತಂದಿಟ್ಟಳು. ಸೋಫಾಪ್ಪ ಲೋಟ ಮುಟ್ಟದೆ ಮಗನ ಫೋನನ್ನು ಮೇಜಿನ ಮೇಲಿಟ್ಟು, ತಾನು ಹುಡುಕಿದ್ದರಲ್ಲೆಲ್ಲ ತನಗೆ ಹೆಚ್ಚು ಹಿಡಿಸಿದ ಒಂದು ಹಾಡು ಹಾಕಿದ. ಅದನ್ನು ಕೇಳಿದವರು ಆ ಬೀದಿಯಲ್ಲಿರುವ ಮನೆಗಳಷ್ಟೂ ಇರಲಿಲ್ಲ. ಅವಳು ತುಟಿ ಬಿಚ್ಚದೆ, ಕಣ್ಣು ಮುಚ್ಚಿ ಕೇಳಿದಳು. ಮುಗಿಯಿತು. ಕೇಳಬೇಕಾದವನು ಇಲ್ಲದ್ದರಿಂದ ಆ ಪ್ರಶ್ನೆಯನ್ನು ಅವಳೇ ಕೇಳಿದಳು.

"ಏನು ಕಾಣಿಸ್ತು ಮಾವ?"

ಎಲ್ಲವನ್ನೂ ಹೇಳಬೇಕೆಂದುಕೊಂಡಿದ್ದ. ಅಡುಗೆಮನೆ, ಬಿಚ್ಚದ ಬೂಟು, ಎಲ್ಲ. ಬಾಯಲ್ಲಿ ಮೊಳೆ ತುಂಬಿದಂತಾಗಿ ಮಾತು ಹೊರಡಲಿಲ್ಲ.

"ಕೋಣಕ್ಕೆ ಕಿನ್ನರಿ ಕೇಳಿಸ್ತಮ್ಮ," ಎಂದ ಕೊನೆಗೆ. "ಬಾರಿಸಿದೋನಿಗೆ ಹೇಗೆ ಹೇಳ್ಲಿ?"

ಸೊಸೆ ಕೈಚಾಚಿ ಅದೇ ಹಾಡನ್ನು ಮತ್ತೊಮ್ಮೆ ಹಾಕಿದಳು. ಚಹಾ ಆರುತ್ತಿತ್ತು, ಇಬ್ಬರೂ ಮುಟ್ಟಲಿಲ್ಲ.