ಏಳಾದ ಮೇಲೆ ಒಂಬತ್ತು

ನಾನು ಒಂದು ಸಂಖ್ಯೆ. ಹೆಸರು ಒಂದು ಕೋಟಿ ಇಪ್ಪತ್ತಮೂರು ಲಕ್ಷ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೊಂಬತ್ತು. ಬರೆದರೆ ೧೨೩೪೫೬೭೯. ಏಳಾದ ಮೇಲೆ ನೇರ ಒಂಬತ್ತು, ಎಂಟಕ್ಕೆ ನನ್ನಲ್ಲಿ ಜಾಗವಿಲ್ಲ. ಯಾವಾಗ ಹುಟ್ಟಿದೆನೋ ನನಗೇ ತಿಳಿಯದು. ಗದಗಿನ ಹತ್ತಿರದ ಒಂದು ಶಾಲೆಯ ಮಟ್ಟಿಗೆ ಹೇಳುವುದಾದರೆ, ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಹುಟ್ಟಿದೆ.

ಬರೆದವಳು ತಿಪ್ಪವ್ವ, ಮಕ್ಕಳಿಗೆ ಬಿಸಿಯೂಟ ಮಾಡುವಾಕೆ. ನಲವತ್ತರ ವಯಸ್ಸಿನಲ್ಲಿ ಹತ್ತನೆಯ ತರಗತಿ ಪರೀಕ್ಷೆಗೆ ಕೂತು ಗಣಿತದಲ್ಲಿ ಎರಡು ಸಲ ನಪಾಸಾಗಿದ್ದಳು. ಮೂರನೆಯ ಸಲದ ಅರ್ಜಿ ಸಾಸಿವೆ ಡಬ್ಬಿಯ ಕೆಳಗೆ ಸಹಿಯಿಲ್ಲದೆ ಬಿದ್ದಿತ್ತು. ಅವಳ ಹೆದರಿಕೆ ಬಿಡಿಸಲೆಂದೇ ಗಣಿತದ ಸರೋಜಿನಿ ಟೀಚರ್ ನನ್ನನ್ನು ಹೇಳಿ ಬರೆಸಿದ್ದು.

"ಒಂಬತ್ತರಿಂದ ಗುಣಿಸ್ರಿ ನೋಡೋಣು."

ಗುಣಿಸಿದಳು. ಒಂಬತ್ತು ಒಂದುಗಳು ಸಾಲಾಗಿ ನಿಂತವು! ಅರವತ್ತಮೂರರಿಂದ ಗುಣಿಸಿದಳು, ಒಂಬತ್ತು ಏಳುಗಳು! ನನ್ನ ಅಂಕಿಗಳನ್ನೆಲ್ಲ ಕೂಡಿಸಿದರೆ ಮೂವತ್ತೇಳು. ಆ ಮೂವತ್ತೇಳರಿಂದಲೇ ನನ್ನನ್ನು ಭಾಗಿಸಿದಳು, ಶೇಷ ಉಳಿಯಲಿಲ್ಲ. ಅತ್ತ ಸಾರು ಉಕ್ಕಿ ಒಲೆ ಆರಿದ್ದು ಅವಳ ಗಮನಕ್ಕೇ ಬರಲಿಲ್ಲ. ನನಗಂತೂ ಹಿಡಿಸಲಾರದಷ್ಟು ಖುಷಿ.

ಟೀಚರ್ ನನ್ನನ್ನು ಅಂಗಳದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಲು ಹೊರಟರು. ಊರವರೆದುರು ತಿಪ್ಪವ್ವನೇ ಲೆಕ್ಕ ಮಾಡಿ ತೋರಿಸಬೇಕಂತೆ.

"ಅಲ್ಲಿ ತಪ್ಪಿದ್ರ ಅರ್ಜೀನ ಒಲಿಗೆ ಹಾಕ್ತೀನ್ರಿ" ಎಂದಳು ಅವಳು.

ಬರೆಯಲು ಬಂದ ಪೇಂಟರ್ ವಿರೂಪಣ್ಣನದು ಒಂದು ಹಠ. ಯಾರೇ ತಪ್ಪು ಬರೆದುಕೊಟ್ಟರೂ ಕೇಳದೆ, ಹೇಳದೆ ತಿದ್ದಿಯೇ ಬರೆಯುವುದು. ಊರಿನ ಅರ್ಧ ಬೋರ್ಡುಗಳ ಮಾನ ಉಳಿಸಿದವನು ಅವನೇ. ಟೀಚರ್ ಕೊಟ್ಟ ಚೀಟಿ ನೋಡಿ, "ಪಾಪ, ಅವಸರದಾಗ ಬಿಟ್ಟಾರ" ಎಂದು ಮರುಗಿ, ಏಳಕ್ಕೂ ಒಂಬತ್ತಕ್ಕೂ ನಡುವೆ ದುಂಡನೆಯ ಎಂಟೊಂದನ್ನು ಕೂರಿಸಿಬಿಟ್ಟ. ಎಂಟು ಇರುವುದೇ ಎಲ್ಲರ ಕಣ್ಣಿಗೆ ರೂಢಿಯಾದ್ದರಿಂದ ಯಾರೂ ಗಮನಿಸಲಿಲ್ಲ. ಕೂಗಿ ಹೇಳಲು ನನಗೆ ಬಾಯಿ ಎಲ್ಲಿದೆ?

ಮರುದಿನ ತಿಪ್ಪವ್ವ ಗೋಡೆ ನೋಡಿ ಕರಿಹಲಗೆಗೆ ಇಳಿಸಿಕೊಂಡು ಗುಣಿಸತೊಡಗಿದಳು. ಮೊದಲು ಒಂದು ಬಂತು. ಆಮೇಲೆ ಸೊನ್ನೆ! ಕೈ ನಿಂತಿತು. "ತಪ್ಪಿದ್ಲು, ತಪ್ಪಿದ್ಲು" ಎಂದು ಮಕ್ಕಳು ಕಿಸಕ್ಕೆಂದರು. ಆದರೂ ಅವಳು "ಒಂಬತ್ತೆಂಟ್ಲೆ ಎಪ್ಪತ್ತೆರಡು, ಮ್ಯಾಲೆಂಟು, ಎಂಬತ್ತು" ಎಂದು ಮತ್ತೊಮ್ಮೆ ಗೊಣಗಿ, ಸೀಮೆಸುಣ್ಣವನ್ನು ಗೋಡೆಯತ್ತ ಚಾಚಿದಳು.

"ನಾ ತಪ್ಪಿಲ್ರಿ. ಆ ಎಂಟು ನಮ್ದಲ್ಲ. ಅದನ್ನ ಯಾರು ಕರದ್ರು?"

"ಬಿಟ್ಟುಹೋಗಿತ್ತು ಅಂತ ನಾನ ಸೇರಿಸಿದ್ನಿ" ಎಂದು ವಿರೂಪಣ್ಣ ತಲೆ ಕೆರೆದುಕೊಂಡ.

ಅಂಗಳವೆಲ್ಲ ನಕ್ಕಿತು. ಅವನೇ ಸುಣ್ಣ ತಂದು ಎಂಟನ್ನು ಅಳಿಸಿದ. ತಿಪ್ಪವ್ವ ಹೊಸದಾಗಿ ಗುಣಿಸಿದಳು, ಒಂಬತ್ತು ಒಂದುಗಳೂ ತಪ್ಪದೆ ಬಂದವು. ಚಪ್ಪಾಳೆ ಮುಗಿಯುವ ಮೊದಲೇ ಅವಳು ಅರ್ಜಿ ತಂದು, ನನ್ನ ಮೇಲೆಯೇ ಒತ್ತಿ ಹಿಡಿದು ಸಹಿ ಹಾಕಿದಳು. ಆ ಸಲ ಪಾಸಾದಳು.

ಸಂಖ್ಯೆಗೆ ಮುಪ್ಪಿಲ್ಲ, ಬಣ್ಣಕ್ಕಿದೆ. ಈಗ ನಾನು ಮಾಸಿದ್ದೇನೆ. ಎಂಟು ಕೂತೆದ್ದ ಜಾಗ ಇನ್ನೂ ಖಾಲಿ. ಮೊನ್ನೆ ತಿದ್ದಿ ಬರೆಯಲು ಬಂದ ಹೊಸ ಪೇಂಟರ್ ಆ ಸಂದು ನೋಡಿದವನೇ ಬ್ರಶ್ ಅದ್ದಿದ.

"ಇಲ್ಲೊಂದು ಎಂಟು ಅಳಿಸಿಹೋಗೈತಲ್ರಿ."

ತಲೆ ನರೆತ ತಿಪ್ಪವ್ವ ಸೌಟು ಹಿಡಿದೇ ಓಡಿಬಂದು ಅವನ ಕೈಗೆ ಸೀಮೆಸುಣ್ಣ ಕೊಟ್ಟಳು.

"ಮೊದ್ಲ ಇದನ್ನ ಒಂಬತ್ತರಿಂದ ಗುಣಿಸು. ಆಮ್ಯಾಲ ಬ್ರಶ್ ಮುಟ್ಟು."

ಅವನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಬರೆಯತೊಡಗಿದ. ಒಂದು. ಮತ್ತೆ ಒಂದು. ಮೂರನೆಯದೂ ಒಂದೇ ಬಂದಾಗ ತಲೆಯೆತ್ತಿ ನನ್ನನ್ನು ನೋಡಿ ನಕ್ಕ.