ಗಾಜಿನಾಚೆಯ ತಮ್ಮ

ನಾನು ಒಂದು ಇಂಟರ್‌ಕಾಮ್. ಎರಡು ರಿಸೀವರು, ನಡುವೆ ಒಂದು ತಂತಿ. ಇಷ್ಟೇ ನನ್ನ ಮೈ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಮೊದಲು ಒಂದು ಲಾಡ್ಜಿನಲ್ಲಿದ್ದೆ. ಟೀ ಕಳಿಸಿ ಎನ್ನುವುದಕ್ಕಿಂತ ದೊಡ್ಡ ಮಾತು ಅಲ್ಲಿ ನನ್ನ ಪಾಲಿಗೆ ಬರಲಿಲ್ಲ. ಲಾಡ್ಜು ಮುಚ್ಚಿದಾಗ ಹುಬ್ಬಳ್ಳಿಯ ಒಂದು ಆಸ್ಪತ್ರೆ ನನ್ನನ್ನು ಕೊಂಡು, ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ಕೋಶಗಳನ್ನು ಕಸಿ ಮಾಡುವ ವಾರ್ಡಿನ ಗಾಜಿನ ಗೋಡೆಗೆ ಬಿಗಿಯಿತು. ನನ್ನ ಒಂದು ಕಿವಿ ರೋಗಿಯ ಕೋಣೆಯಲ್ಲಿ, ಇನ್ನೊಂದು ಹೊರಗಿನ ಕಾರಿಡಾರಿನಲ್ಲಿ. ಕಸಿಯಾದವರಿಗೆ ಸಣ್ಣ ಸೋಂಕೂ ಅಪಾಯ. ಹಾಗಾಗಿ ಮನೆಯವರು ನನ್ನ ಮೂಲಕವೇ ಮಾತಾಡಬೇಕು.

ಎಷ್ಟೋ ಜನರ ಮಾತು ಕೇಳಿದ್ದೇನೆ. ಇಂದಿಗೂ ನನ್ನ ಸಿಟ್ಟು ಆರದಿರುವುದು ಚನ್ನವೀರನ ವಿಷಯದಲ್ಲಿ.

ಚನ್ನವೀರ ಗದಗಿನಲ್ಲಿ ಲಾರಿಗಳ ಮೇಲೆ ಹುಲಿ, ನವಿಲು ಬರೆಯುವ ಪೇಂಟರ್. ಅವನಿಗೆ ರಕ್ತದ ಕ್ಯಾನ್ಸರ್. ಸ್ಟೆಮ್ ಸೆಲ್ ಕೊಟ್ಟವಳು ಅಕ್ಕ ಶಿವಲೀಲಾ. ಗಂಡ ಸತ್ತ ಮೇಲೆ ಅವಳು ಮತ್ತೊಂದು ಮದುವೆಯಾದಳೆಂದು, ಮನೆಗೆ ಬಂದವಳ ಮುಖದ ಮೇಲೆ ಬಾಗಿಲು ಹಾಕಿದ್ದವನು ಇದೇ ತಮ್ಮ. ವರ್ಷಗಟ್ಟಲೆ ಮಾತಿರಲಿಲ್ಲ. ಆದರೆ ಹೊಂದಿದ್ದು ಅವಳ ರಕ್ತವೇ. ಅವಳು ಬಂದಳು, ಕೊಟ್ಟಳು.

ಕಸಿಯಾದ ಮೇಲೊಂದು ದಿನ ಅವನು ನನ್ನನ್ನು ಎತ್ತಿಕೊಂಡ.

"ಅಕ್ಕಾ, ಅವತ್ತ ಬಾಗಲಾ ಹಾಕಿದ್ನೆಲ್ಲಾ... ತಪ್ಪಾತವಾ. ಮಾವನ್ನೂ ಕರಕೊಂಡು ಬಾ. ಅವರ ಕಾಲು ಹಿಡಿತೀನಿ."

ಅಕ್ಕನ ಗಂಡನನ್ನು ಅವನು ಮಾವ ಎಂದದ್ದು ಅದೇ ಮೊದಲು. ಶಿವಲೀಲಾ ಗಾಜಿಗೆ ಹಣೆ ಹಚ್ಚಿ ಅತ್ತಳು.

ಅಕ್ಕನ ಕೋಶಗಳು ತಮ್ಮನ ಎಲುಬಿನಲ್ಲಿ ಬೇರುಬಿಟ್ಟವು. ವಾರ್ಡಿಗೆಲ್ಲ ಹಿಗ್ಗು. ಅಷ್ಟರಲ್ಲಿ ಒಂದು ಬೆಳಗ್ಗೆ ಅವನು, "ಅಕ್ಕಾ, ಚಾ ಕುಡದಿ?" ಎಂದ. ಅವಳು ಹೂಂ ಎಂದಳು. ಮತ್ತೆ ಅದನ್ನೇ ಕೇಳಿದ. ಮತ್ತೆ. ಮತ್ತೆ. ನಡುವೆ, "ನಾ ಯಾವೂರಾಗದೀನಿ?" ಎಂದ.

ಅವಳು ಓಡಿಹೋಗಿ ಡಾಕ್ಟರ್ ಪೈ ಅವರನ್ನು ಕರೆತಂದಳು. ಜ್ವರವಿಲ್ಲ, ರಕ್ತಕಣಗಳ ಎಣಿಕೆ ಏರುತ್ತಿದೆ ಎಂದು ಅವರು ಸಮಾಧಾನಪಟ್ಟರು. "ಒಂಟಿ ಕೋಣೇಲಿ ಇದ್ದೂ ಇದ್ದೂ ಹೀಗಾಗುತ್ತಮ್ಮ. ನಿದ್ದೆಗೆಟ್ಟಿದ್ದಾರೆ. ನೀವು ಟೆನ್ಷನ್ ಮಾಡ್ಕೋಬೇಡಿ."

"ನನಗೇನೂ ಟೆನ್ಷನ್ ಇಲ್ಲರೀ! ಅವನ ತಲಿಗೆ ಏನೋ ಆಗೇತಿ!"

ಅವರು ಆಗಲೇ ಮುಂದಿನ ಕೋಣೆಗೆ ಹೋಗಿದ್ದರು.

ಮರುದಿನ ಚನ್ನವೀರನಿಗೆ ಫಿಟ್ಸ್ ಬಂತು. ನನ್ನ ರಿಸೀವರು ಅವನ ಕೈಯಿಂದ ಜಾರಿ ತಂತಿಗೆ ಜೋತುಬಿತ್ತು. ಒಳಗೆ ಮಂಚ ಕಟಕಟ ಅಲುಗುವುದನ್ನೂ ಹೊರಗೆ ಅಕ್ಕ ಗಾಜು ಗುದ್ದುವುದನ್ನೂ ಕೇಳುತ್ತ ನೇತಾಡಿದೆ. ಸ್ಕ್ಯಾನ್ ಆಯಿತು. ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿದರು. ಮಿದುಳಿಗೆ ವೈರಸ್ ಹತ್ತಿತ್ತು.

"ಇದು ಚಿಕ್ಕಂದಿನಲ್ಲೇ ಹೆಚ್ಚುಕಡಿಮೆ ಎಲ್ಲರ ಮೈಗೂ ಸೇರಿ ಸುಮ್ಮನೆ ಮಲಗಿರುತ್ತೆ," ಎಂದರು ಡಾಕ್ಟರ್. "ಕಸಿ ಆದಾಗ ಮೈಗೆ ಕಾವಲಿರಲ್ಲ, ಆಗ ಏಳುತ್ತೆ. ನೆನಪಿನ ಜಾಗಾನೇ ಹಿಡಿಯುತ್ತೆ. ಔಷಧಿ ಶುರು ಮಾಡಿದೀವಿ."

"ನಿನ್ನೆ ನಾ ಬಡಕೊಂಡಾಗನ ಶುರು ಮಾಡಿದ್ರ ಹಿಂಗಾಗತಿರಲಿಲ್ಲೇನ್ರಿ?"

"ಹೇಳೋಕಾಗಲ್ಲಮ್ಮ. ನಿಮ್ಮ ಮಾತು ನಾನು ಕೇಳಬೇಕಿತ್ತು."

"ಹೇಳಾಕಾಗಲ್ಲ ಅನ್ನೂದನ್ನ ನಾ ಜೀವನಪೂರ್ತಿ ಹೊತಗೊಂಡು ತಿರಗಬೇಕೇನ್ರಿ?"



ಜೀವವೇನೋ ಉಳಿಯಿತು. ಎದ್ದು ಕೂತ ಚನ್ನವೀರ ಗಾಜಿನಾಚೆ ಅಕ್ಕನನ್ನು ಕಂಡು ನನ್ನನ್ನು ಎತ್ತಿಕೊಂಡ.

"ನೀ ಯಾಕ ಬಂದಿ? ನಿನಗೂ ನನಗೂ ಸಂಬಂಧ ಇಲ್ಲ ಅಂದಿದ್ನೆಲ್ಲಾ."

ಆಸ್ಪತ್ರೆಗೆ ಬಂದದ್ದು, ಅಕ್ಕ ತನ್ನ ಕೋಶ ಕೊಟ್ಟದ್ದು, ತಾನು ತಪ್ಪಾಯಿತು ಎಂದದ್ದು ಯಾವುದೂ ಅವನಲ್ಲಿ ಉಳಿದಿರಲಿಲ್ಲ. ಹಳೆಯ ಜಗಳ ಮಾತ್ರ ಹಸಿಯಾಗಿತ್ತು. ಆ ಹಾಳು ವೈರಸ್ಸಿಗೆ ಹೊತ್ತೊಯ್ಯಲು ಇದೇ ಸಿಕ್ಕಿತೇ? ಜಗಳವನ್ನು ಒಯ್ಯಬಾರದಿತ್ತೇ? ತಪ್ಪಾಯಿತೆಂಬ ಆ ಮಾತು ಹಾದುಹೋದದ್ದು ನನ್ನ ತಂತಿಯಲ್ಲಿ. ಮತ್ತೆ ನುಡಿಯೋಣವೆಂದರೆ ನನಗೆ ನಾಲಿಗೆ ಇಲ್ಲ.

ಶಿವಲೀಲಾ ಹಿಡಿದ ಬಿಗಿಗೆ ನನ್ನ ಪ್ಲಾಸ್ಟಿಕ್ ಕಿರುಗುಟ್ಟಿತು. ಒಡೆದು ಬಿಸಾಡುತ್ತಾಳೆ ಅಂದುಕೊಂಡೆ.

"ಆತು, ಸಿಟ್ಟಾಗು," ಎಂದಳು. "ನನಗೂ ಸಿಟ್ಟೈತಿ, ನಿನ್ನ ಮ್ಯಾಲಲ್ಲ. ಬದುಕಿ ಸಿಟ್ಟಾಗು. ಮನಿಗೆ ಬಂದು ಸಿಟ್ಟಾಗು. ನಾ ಎಲ್ಲೂ ಹೋಗಂಗಿಲ್ಲ."

ಆಸ್ಪತ್ರೆಯಿಂದ ಬಿಟ್ಟ ದಿನ ಅವಳೂ ಅವಳ ಗಂಡನೂ ಅವನನ್ನು ನಡೆಸಿಕೊಂಡು ಹೋದರು. ಅವನು ಬೈಯುತ್ತಲೇ ನಡೆದ.

ಈಗ ವಾರ್ಡಿಗೆ ವಿಡಿಯೋ ಪರದೆಗಳು ಬಂದಿವೆ. ನಾನು ಸ್ಟೋರ್ ರೂಮಿನಲ್ಲಿ ಮುರಿದ ಗ್ಲೂಕೋಸ್ ಸ್ಟ್ಯಾಂಡುಗಳ ನಡುವೆ ಬಿದ್ದಿದ್ದೇನೆ. ಗೋಡೆಯಾಚೆ ಡಾಕ್ಟರ್ ಪೈ ದನಿ ಕೇಳುತ್ತದೆ. ರೋಗಿ ತುಸು ತಡವರಿಸಿದರೂ ಸಾಕು, "ಮನೆಯವರು ಏನಂತಾರೆ? ಮೊದಲು ಅವರನ್ನ ಕೇಳಿ, ಸ್ಕ್ಯಾನಿಗೆ ಕಳಿಸಿ," ಎಂದು ಕಿರಿಯರನ್ನು ಗದರಿಸುತ್ತಾರೆ. ಒಳ್ಳೆಯದೇ. ಆದರೆ ಅಷ್ಟು ಕಲಿಯಲು ಒಬ್ಬ ಅಕ್ಕ ಗಾಜು ಗುದ್ದಬೇಕಾಯಿತೇ ಎಂದು ನನಗೆ ಮೈಯೆಲ್ಲ ಉರಿಯುತ್ತದೆ.