ಸತ್ತರೂ ಸುಮ್ಮನಿರೆವು

ಕಳಿಸಿದ ಮೇಲೆ ಭಯವಾಯಿತು. ಕಳಿಸುವ ಮೊದಲೂ ಆಗಿತ್ತು. ಆದರೆ ಅದು ಕಾಗುಣಿತದ ಭಯ. ಈಗಿನದಕ್ಕೆ ಹೆಸರಿರಲಿಲ್ಲ.

ಆರುನೂರು ಪದ. ‘ಭವ್ಯ’ ಎನ್ನುವುದನ್ನು ಎರಡು ಕಡೆ ತೆಗೆದು ಒಂದು ಕಡೆ ಉಳಿಸಿಕೊಂಡಿದ್ದಳು. ಆ ಒಂದೂ ಬೇಡವಿತ್ತೇನೋ.

“ಕಳಿಸ್ದ್ಯಾ?” ಬಚ್ಚಲಿನ ಬಾಗಿಲಿನಿಂದ ಗಂಡ ಕೇಳಿದ. ಅರ್ಧ ಮುಖ ಸೋಪಿನ ನೊರೆಯಲ್ಲಿತ್ತು.

“ಹೂಂ.”

“ಏನಂತ ಬರ್ದೆ?”

“ಚೆನ್ನಾಗಿದೆ ಅಂತ.”

“ಅಷ್ಟಕ್ಕೆ ಎರಡು ದಿನ ಬೇಕಾಯ್ತಾ?”

ಅವನು ಲಿಫ್ಟುಗಳ ತಪಾಸಣೆ ಮಾಡುವವನು. ಅವನ ವರದಿಯಲ್ಲಿ ಎರಡೇ ತೀರ್ಪು: ಓಡಬಹುದು, ಓಡಬಾರದು. ಮೊನ್ನೆ ಅವಳು ಬಾಗಿಲು ಮುಚ್ಚಿಕೊಂಡು ರೆಕಾರ್ಡು ಕೇಳುತ್ತಿದ್ದಾಗ ಕತ್ತು ತೂರಿಸಿ, “ಪ್ಲೇಯರಿನ ಬೆಲ್ಟ್ ಸಡಿಲ ಆಗಿದ್ಯೇನೇ? ಎಳೀತಿದೆ” ಎಂದಿದ್ದ. ಅವಳು ನೋಡಿದ ನೋಟಕ್ಕೆ ಹಾಗೆಯೇ ಹಿಂದೆ ಸರಿದಿದ್ದ. ಇಪ್ಪತ್ತೆರಡು ವರ್ಷದಿಂದ ಅವನ ಸಂಗೀತಜ್ಞಾನವನ್ನು ಅವಳು ಕ್ಷಮಿಸುತ್ತಲೇ ಬಂದಿದ್ದಳು.

ಅವಳು ಯಾರ ಬಗ್ಗೆ ಬರೆದಿದ್ದಳೋ ಆ ಬ್ಯಾಂಡಿನಲ್ಲಿ ಐವರು. ಐವರೂ ಮುದುಕರು. ಹಾಡುಗಾರನಿಗೆ ಅರವತ್ತೊಂಬತ್ತು, ಇನ್ನೂ ಚರ್ಮದ ಪ್ಯಾಂಟು. ಹೆವಿ ಮೆಟಲ್ ಸಂಗೀತದಲ್ಲಿ ವಯಸ್ಸಾಗುವುದಕ್ಕೆ ಅವಕಾಶವಿಲ್ಲ, ಸಾಯುವುದಕ್ಕೆ ಮಾತ್ರ ಇದೆ. ಇದು ಅವರ ಹದಿನೇಳನೆಯ ಆಲ್ಬಮ್ಮು: ಕಪ್ಪು ಪೆಟ್ಟಿಗೆ, ಒಳಗೆ ಎರಡು ಕಪ್ಪು ರೆಕಾರ್ಡು, ಹೆಸರು ‘ಸತ್ತರೂ ಸುಮ್ಮನಿರೆವು’.

ಊರಿನ ಅಭಿಮಾನಿಗಳ ಸಂಘದಲ್ಲಿ ಒಂದು ಕಟ್ಟಳೆಯಿತ್ತು. ಹೊಸ ಆಲ್ಬಮ್ಮು ಬಂದಾಗ ಒಬ್ಬರು ಎಲ್ಲರಿಗಿಂತ ಮೊದಲು, ಒಂಟಿಯಾಗಿ, ರೆಕಾರ್ಡಿನಲ್ಲೇ ಕೇಳಿ ‘ಮೊದಲ ಮಾತು’ ಬರೆಯಬೇಕು. ಅದು ಸಂಘದ ಆನ್‌ಲೈನ್ ಪುಟದಲ್ಲಿ ಬರುವ ತನಕ ಉಳಿದವರು ತುಟಿ ಬಿಚ್ಚುವಂತಿಲ್ಲ. ಅದೇ ದಿನ ಸಂಜೆ ಐದಕ್ಕೆ ಎಲ್ಲರೂ ಸೇರಿ, ಅದನ್ನು ಗಟ್ಟಿಯಾಗಿ ಓದಿಸಿ, ಆಮೇಲೆ ಒಟ್ಟಿಗೆ ಕೇಳುವುದು.

ಹತ್ತೊಂಬತ್ತು ವರ್ಷದಿಂದ ಅವಳು ಸಂಘದಲ್ಲಿದ್ದಳು. ಇರುವ ಒಬ್ಬಳೇ ಹೆಂಗಸು. ಹತ್ತೊಂಬತ್ತು ವರ್ಷವೂ ಕುರ್ಚಿ ಜೋಡಿಸಿದ್ದಳು. ಮೊದಲ ಮಾತು ಅವಳ ಪಾಲಿಗೆ ಬಂದದ್ದು ಇದೇ ಮೊದಲು. ಇದು ಕೆಟ್ಟರೆ ಮತ್ತೆ ಕುರ್ಚಿಗಳೇ ಗತಿ. ಮುಂದಿನ ಆಲ್ಬಮ್ಮಿನ ಹೊತ್ತಿಗೆ ಬ್ಯಾಂಡು ಇರುತ್ತದೆಂದು ಯಾವ ವೈದ್ಯನೂ ಬರೆದುಕೊಡಲಾರ.

ಅವಳು ಹೀಗೆ ಬರೆದಿದ್ದಳು: ‘ಕೊನೆಗೂ ಇವರು ನಿಧಾನವಾಗಿದ್ದಾರೆ. ಒಂಬತ್ತು ನಿಮಿಷದ ಮೊದಲ ಹಾಡು ಬೀರುವನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ತಳ್ಳಿದಂತೆ ಸಾಗುತ್ತದೆ. ಹಾಡುಗಾರ ಕಿರುಚುವುದಿಲ್ಲ. ಕಂಬಿ ಹಿಡಿದು ಮೆಟ್ಟಿಲು ಹತ್ತುವವರ ಉಸಿರು ಅವನ ದನಿಯಲ್ಲಿದೆ. ವಯಸ್ಸನ್ನು ಇಷ್ಟು ಭವ್ಯವಾಗಿ ಒಪ್ಪಿಕೊಂಡವರಿಲ್ಲ.’

ಅದು ಸುಳ್ಳಾಗಿರಲಿಲ್ಲ. ಮೊನ್ನೆ ಕೇಳುತ್ತ ಅವಳ ಕಣ್ಣು ತುಂಬಿತ್ತು. ತನ್ನ ನಲವತ್ತಾರು ವರ್ಷದ ಬದುಕಿನಲ್ಲಿ ಮೊದಲ ಸಲ, ಯಾರೋ ಅವಳ ಪಕ್ಕ ಕುಳಿತು, ನನಗೂ ಆಗುವುದಿಲ್ಲ ಕಣೇ, ಎಂದ ಹಾಗಿತ್ತು. ಆ ಮಾತನ್ನು ಬರೆದಿರಲಿಲ್ಲ. ಬರೆಯುವ ಮಾತಲ್ಲ.

ಕೆಲಸಕ್ಕೆ ಹೊರಡುವಾಗ ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡಳು. ಸಂಜೆ ಅಲ್ಲಿಂದಲೇ ಹೋಗುವುದೆಂದು.

ಅವಳ ಕೆಲಸ ಜನರ ಕಿವಿ ಪರೀಕ್ಷಿಸುವುದು. ಗಾಜಿನ ಕಿಟಕಿಯಿರುವ ಪುಟ್ಟ ಗೂಡಿನೊಳಗೆ ಹೆಡ್‌ಫೋನ್ ಹಾಕಿಸಿ ಕೂರಿಸುತ್ತಾಳೆ. ಹೊರಗಿನಿಂದ ಒಂದೊಂದೇ ಸಣ್ಣ ಶಬ್ದ ಬಿಡುತ್ತಾಳೆ. ಕೇಳಿಸಿದರೆ ಅವರು ಗುಂಡಿ ಒತ್ತಬೇಕು.

ಬೆಳಗಿನ ಮೊದಲನೆಯವರು ನಿವೃತ್ತ ಹೆಡ್‌ಮಾಸ್ಟರು. ಕುಳಿತವರೇ ಪಟಪಟ ಒತ್ತತೊಡಗಿದರು.

“ಸರ್, ನಾನಿನ್ನೂ ಶುರು ಮಾಡಿಲ್ಲ.”

“ಗೊತ್ತಮ್ಮ. ಆದ್ರೂ ಕೇಳಿಸ್ತು.”

“ಶಬ್ದ ಬಂದಾಗ ಮಾತ್ರ ಒತ್ತಿ ಸರ್.”

“ಬರೋವರ್ಗೂ ಕೂತಿದ್ರೆ ಲೇಟಾಗಲ್ವಾ? ಇರ್ಲಿ, ಎಷ್ಟು ಬಂತು ಮಾರ್ಕ್ಸು?”

ಅವರ ಕಾಗದ ತುಂಬುವಾಗ ಮೊಬೈಲು ನಡುಗತೊಡಗಿತು. ಆಲ್ಬಮ್ಮು ಬೆಳಗ್ಗೆ ಎಲ್ಲರ ಫೋನಿಗೂ ಬಂದಿತ್ತು. ಸಂಘದ ಪುಟದಲ್ಲಿ ಅವಳ ಮಾತಿನ ಕೆಳಗೆ ಸಾಲುಗಳು ಬೆಳೆಯುತ್ತಿದ್ದವು. ‘ಹೌದು, ಆ ನಿಧಾನ!’ ‘ಬೀರು, ಅದೇ ಸರಿಯಾದ ಪದ.’ ‘ಮೇಡಂ, ನಾನು ಆಫೀಸಿನಲ್ಲಿ ಅತ್ತುಬಿಟ್ಟೆ.’ ಅವಳಿಗೆ ಬೆನ್ನು ನೆಟ್ಟಗಾದ ಹಾಗಾಯಿತು. ಅಷ್ಟರಲ್ಲಿ ಒಂದು ಸಾಲು ಕಂಡಿತು:

‘ನನ್ನ ಫೋನಿನಲ್ಲಿ ಮೊದಲ ಹಾಡು ಆರು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯುತ್ತೆ. ಆದರೆ ಒಂಬತ್ತು ನಿಮಿಷ ಅನ್ನಿಸಿದ್ದು ನಿಜ. ಮೇಡಂ ಬರೆದಿರೋದೇ ಸರಿ.’

ಅದಕ್ಕೆ ಮೂವತ್ತು ಜನ ಮೆಚ್ಚುಗೆ ಒತ್ತಿದ್ದರು.

ಅವಳು ಮೂರು ಸಲ ಓದಿದಳು.

ಕಾಲೇಜಿನಿಂದ ಮಗಳ ಫೋನು ಬಂತು. “ಅಮ್ಮಾ, ನಿಂದೇ ಓದ್ತಾ ಇದ್ದೆ. ಆಮೇಲೆ ಹಾಡು ಹಾಕ್ದೆ. ಬೇರೆ ಯಾವ್ದೋ ಆಲ್ಬಮ್ಮಿಗೆ ಬರ್ದ್‌ಬಿಟ್ಟಿದ್ಯಾ?”

“ಯಾಕೆ?”

“ನಿಧಾನ ಎಲ್ಲಮ್ಮಾ ಇದೆ? ಬಾಲಕ್ಕೆ ಡಬ್ಬ ಕಟ್ಟಿದ ನಾಯಿ ಓಡಿದ ಹಾಗಿದೆ.”

“ನಿನ್ನ ಫೋನ್ ಸರಿ ಇಲ್ಲ.”

“ಅಮ್ಮಾ.”

“ಪೇಶೆಂಟ್ ಇದಾರೆ. ಇಡ್ತೀನಿ.”

ಪೇಶೆಂಟ್ ಇರಲಿಲ್ಲ. ಅವಳು ತಾನೇ ಗೂಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡು, ಹೆಡ್‌ಫೋನ್ ಹಾಕಿ, ಹಾಡು ಒತ್ತಿದಳು.

ನಾಯಿ ಓಡಿತು. ಡಬ್ಬ ಸದ್ದು ಮಾಡಿತು. ಅರವತ್ತೊಂಬತ್ತರ ಹಾಡುಗಾರ ಇಪ್ಪತ್ತೆರಡರ ಹುಡುಗನ ಹಾಗೆ, ಮೂವತ್ತು ವರ್ಷದಿಂದ ಕಿರುಚುತ್ತ ಬಂದ ಹಾಗೆಯೇ, ಕಿರುಚಿದ. ಯಾವ ಕಂಬಿಯನ್ನೂ ಹಿಡಿದಿರಲಿಲ್ಲ. ಏನನ್ನೂ ಒಪ್ಪಿಕೊಂಡಿರಲಿಲ್ಲ. ಅವಳ ಪಕ್ಕ ಯಾರೂ ಕುಳಿತಿರಲಿಲ್ಲ.

ಹೊರಗೆ ಬಂದು ಚೀಲದಿಂದ ರೆಕಾರ್ಡು ತೆಗೆದಳು. ನಡುವಿನ ಚೀಟಿ ಕಪ್ಪು ಕಾಗದ. ಅದರ ಮೇಲಿನ ಅಕ್ಷರವೂ ಕಪ್ಪು. ಅದು ಅವರ ಶೈಲಿ. ಕಿವಿಯೊಳಗೆ ನೋಡುವ ಪುಟ್ಟ ದೀಪವನ್ನು ಹಚ್ಚಿ, ಕಣ್ಣಿಗೆ ಹಿಡಿದು, ಚೀಟಿಯ ಅಂಚಿನುದ್ದಕ್ಕೂ ಹುಡುಕಿದಳು. ಸಿಕ್ಕಿತು. ನಿಮಿಷಕ್ಕೆ ನಲವತ್ತೈದು ಸುತ್ತು.

ಇಷ್ಟು ದೊಡ್ಡ ರೆಕಾರ್ಡುಗಳು ಸಾಮಾನ್ಯವಾಗಿ ಮೂವತ್ತಮೂರರಲ್ಲಿ ತಿರುಗುತ್ತವೆ. ಅವಳೂ ಯೋಚಿಸದೆ ಅದರಲ್ಲೇ ಇಟ್ಟಿದ್ದಳು. ಔಷಧದ ಪೊಟ್ಟಣದ ಹಿಂಭಾಗವನ್ನು ಪೂರ್ತಿ ಓದುವವಳು, ಬಾಗಿಲ ಬೀಗವನ್ನು ಎರಡು ಸಲ ಜಗ್ಗಿ ನೋಡುವವಳು, ಇದೊಂದನ್ನು ನೋಡಿರಲಿಲ್ಲ. ಬೆಲ್ಟಿನ ಮಾತಾಡಿದ್ದ ಗಂಡನಿಗೆ ಇದನ್ನು ಎಂದೂ ಹೇಳಬಾರದೆಂದು ತಕ್ಷಣ ನಿಶ್ಚಯಿಸಿದಳು. ಮಿಕ್ಕದ್ದು ಯಾವುದೂ ಅಷ್ಟು ಬೇಗ ನಿಶ್ಚಯವಾಗಲಿಲ್ಲ.

ಸಂಘದ ಅಧ್ಯಕ್ಷರಿಗೆ ಫೋನು ಮಾಡಿದಳು. ಅವರದು ಡ್ರೈವಿಂಗ್ ಸ್ಕೂಲು; ಹಿಂದಿನಿಂದ ಯಾರೋ ಗೇರನ್ನು ಕರಕರ ಅನ್ನಿಸುತ್ತಿದ್ದರು.

“ಸರ್, ಒಂದು ತಪ್ಪಾಗಿದೆ.”

“ತಪ್ಪು ನಮ್ದು ಮೇಡಂ! ಹತ್ತೊಂಬತ್ತು ವರ್ಷ ನಿಮ್ ಕೈಲಿ ಕುರ್ಚಿ ಹೊರಿಸಿದೀವಿ. ಕ್ಲಚ್ ಒತ್ತಯ್ಯಾ, ಕ್ಲಚ್ಚು! ನಿಮಗಲ್ಲ ಮೇಡಂ. ಸಂಜೆ ಬನ್ನಿ. ಇವತ್ತು ಕುರ್ಚಿ ನಾವ್ ಹಾಕ್ತೀವಿ.”

ಫೋನು ಇಟ್ಟರು.

ಸಂಜೆ ಡ್ರೈವಿಂಗ್ ಸ್ಕೂಲಿನ ಪಾಠದ ಕೋಣೆಯಲ್ಲಿ ಕುರ್ಚಿಗಳನ್ನು ನಿಜಕ್ಕೂ ಹಾಕಿದ್ದರು, ಓರೆಯಾಗಿ. ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ. ಆರು ಜನ ಗಂಡಸರು, ಹೊಟ್ಟೆಯ ಹತ್ತಿರ ಬಿಗಿಯುವ ಕಪ್ಪು ಟೀಶರ್ಟು. ಮೇಜಿನ ಮೇಲೆ ಸಂಘದ ರೆಕಾರ್ಡ್ ಪ್ಲೇಯರು. ಅದರ ಹಿಂದೆ ಅವಳಿಗೆಂದು ಒಂದು ಕುರ್ಚಿ, ಬೆನ್ನಿಗೆ ಟವೆಲು ಹೊದಿಸಿದ್ದು. ಹತ್ತೊಂಬತ್ತು ವರ್ಷದಲ್ಲಿ ಟವೆಲು ಹೊದಿಸಿದ ಕುರ್ಚಿಯನ್ನು ಅಲ್ಲಿ ಅವಳು ನೋಡಿರಲಿಲ್ಲ.

ಅಧ್ಯಕ್ಷರು ಕನ್ನಡಕ ಏರಿಸಿ ಓದಿದರು. ‘ಬೀರು’ ಎಂಬಲ್ಲಿ ನಿಲ್ಲಿಸಿ ತಲೆ ಆಡಿಸಿದರು. ‘ಭವ್ಯವಾಗಿ’ ಎಂಬಲ್ಲಿ ಆರು ಜನರಲ್ಲೊಬ್ಬರಾದ ಹಲ್ಲಿನ ಡಾಕ್ಟರು ಎದೆಯ ಮೇಲೆ ಕೈಯಿಟ್ಟುಕೊಂಡರು. ಓದು ಮುಗಿದು ಚಪ್ಪಾಳೆಯೂ ಮುಗಿಯಿತು.

“ನಾನು ತಪ್ಪು ವೇಗದಲ್ಲಿ ಕೇಳಿದೀನಿ,” ಎಂದಳು.

ಹಲ್ಲಿನ ಡಾಕ್ಟರು ಕಣ್ಣು ಮುಚ್ಚಿದರು. “ಸರಿಯಾದ ವೇಗದಲ್ಲಿ ಯಾರು ಕೇಳಿದಾರೆ ಮೇಡಂ, ಹೇಳಿ.”

“ಹಾಗಲ್ಲ ಸರ್. ನಲವತ್ತೈದರಲ್ಲಿ ಹಾಕ್ಬೇಕಿತ್ತು. ಮೂವತ್ತಮೂರಲ್ಲಿ ಹಾಕ್ಬಿಟ್ಟೆ. ನಾನು ಬರ್ದಿರೋ ನಿಧಾನ ಅದ್ರಲ್ಲಿಲ್ಲ.”

ಒಬ್ಬರ ಮುಖ ಒಬ್ಬರು ನೋಡಿದರು. ಮೂವತ್ತೈದು ವರ್ಷ ಕಾಗದ ಹಂಚಿ ನಿವೃತ್ತರಾದ, ಎಲ್ಲರೂ ಪೋಸ್ಟ್ ಮಾಮ ಎನ್ನುವ ಹಿರಿಯರು ಕೆಮ್ಮಿದರು. “ಹಾಗಂದ್ರೆ ಹೇಗಮ್ಮಾ? ನಾನು ಬೆಳಗ್ಗೆಯಿಂದ ಐದು ಸಲ ಕೇಳಿದೀನಿ. ನಿಧಾನ ಇತ್ತು.”

“ಫೋನಲ್ಲಾ ಮಾಮ?”

“ಫೋನಲ್ಲೇ. ನಿಂದು ಓದಿ ಕೇಳ್ದೆ. ಇತ್ತು.”

“ಮೇಡಂ,” ಅಧ್ಯಕ್ಷರು ದನಿ ತಗ್ಗಿಸಿದರು, “ಪುಟದಲ್ಲಿ ನಾನ್ನೂರು ಜನ ಒಪ್ಪಿಬಿಟ್ಟಿದಾರೆ. ಈಗ ಹೋಗಿ, ನೀವು ಕೇಳಿದ್ದು ನೀವು ಕೇಳಿದ್ದಲ್ಲ ಅಂತ ಹೇಳೋಕಾಗುತ್ತಾ?”

“ಹಾಕ್ತೀನಿ. ನೀವೇ ಕೇಳಿ.”

ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿ ಸೂಜಿ ಇಳಿಸಿದಳು.

ಆರೂ ಜನ ಎದ್ದು, ಕಾಲು ಅಗಲಿಸಿ, ತಲೆ ಬೀಸತೊಡಗಿದರು. ಅದೂ ಕಟ್ಟಳೆಯೇ. ಮೆಟಲ್ ಕೂತು ಕೇಳುವುದಲ್ಲ. ಹಾಡು ಓಡಿತು. ಅಧ್ಯಕ್ಷರ ಕನ್ನಡಕ ಹಾರಿ ‘ಹಾರ್ನ್ ನಿಷೇಧ’ ಪಟಕ್ಕೆ ಬಡಿಯಿತು. ಹಲ್ಲಿನ ಡಾಕ್ಟರು ಕುತ್ತಿಗೆ ನೋವಿಗೆ ಕಟ್ಟಿಕೊಂಡಿದ್ದ ಪಟ್ಟಿಯ ಮೇಲೆ ಕೈಯಿಟ್ಟುಕೊಂಡೇ ಬೀಸಿದರು. ಪೋಸ್ಟ್ ಮಾಮನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು.

“ನಿಧಾನ...” ಅವರು ಏದುಸಿರಿನ ನಡುವೆ ಅಂದರು. “ಎಷ್ಟು... ನಿಧಾನ...”

“ಬೀರು!” ಅಧ್ಯಕ್ಷರು ಕೂಗಿದರು.

“ಮಾಮ, ಕೂತ್ಕೊಳಿ,” ಎಂದಳು. ಅವರಿಗೆ ಕೇಳಿಸಲಿಲ್ಲ. ಅಂಥ ಕಿವಿಗಳ ವರದಿಯನ್ನು ಅವಳು ದಿನವೂ ಬರೆಯುತ್ತಾಳೆ. ಮಾಮನ ಒಂದು ಕೈ ಗಾಳಿಯಲ್ಲಿ ಕುರ್ಚಿಯ ಬೆನ್ನನ್ನು ಹುಡುಕುತ್ತಿತ್ತು, ತಲೆ ಮಾತ್ರ ನಿಲ್ಲುತ್ತಿರಲಿಲ್ಲ.

ಅವಳು ಯೋಚಿಸಲಿಲ್ಲ. ತೋರುಬೆರಳನ್ನು ತಿರುಗುವ ತಟ್ಟೆಯ ಅಂಚಿಗೆ ಒತ್ತಿದಳು.

ಹಾಡುಗಾರನ ದನಿ ಒಂದು ಮೆಟ್ಟಿಲು ಕೆಳಗಿಳಿಯಿತು, ಇನ್ನೊಂದು, ಮತ್ತೊಂದು. ಡ್ರಮ್ಮು ಕಾಲೆಳೆಯಿತು. ಮೊನ್ನೆಯ ಉಸಿರು ಸ್ಪೀಕರಿನಿಂದ ಹೊರಗೆ ಬಂದು ಕೋಣೆಯಲ್ಲಿ ನಿಂತಿತು. ಆರು ತಲೆಗಳೂ ಅದಕ್ಕೆ ತಕ್ಕ ಹಾಗೆ ತಗ್ಗಿದವು. ಪೋಸ್ಟ್ ಮಾಮನ ಮುಖಕ್ಕೆ ಬಣ್ಣ ಮರಳಿತು. ಯಾರೂ ಕಣ್ಣು ತೆರೆಯಲಿಲ್ಲ.

“ಹ್ಞಾ, ನೋಡಿ,” ಹಲ್ಲಿನ ಡಾಕ್ಟರು ಅಂದರು. “ನಾನು ಹೇಳಲಿಲ್ವಾ?”

ಬೆರಳನ್ನು ಸ್ವಲ್ಪ ಸಡಿಲಿಸಿದಳು. ತಲೆಗಳು ಬೆಚ್ಚಿ ಓಡಿದವು. ಮಾಮನ ಕೈ ಮತ್ತೆ ಕುರ್ಚಿ ಹುಡುಕಿತು. ಮತ್ತೆ ಒತ್ತಿದಳು.

ಇದು ಮೊದಲ ರೆಕಾರ್ಡಿನ ಮೊದಲ ಬದಿ. ಇನ್ನೂ ಮೂರು ಬದಿಗಳಿದ್ದವು. ಬೆರಳ ತುದಿ ಬಿಸಿಯಾಗತೊಡಗಿತು. ಟವೆಲು ಹೊದಿಸಿದ ಕುರ್ಚಿಯ ಮುಂದೆ ಅರ್ಧ ಬಗ್ಗಿ ನಿಂತಿದ್ದಳು. ಕೂರುವಂತೆಯೂ ಇರಲಿಲ್ಲ, ನೆಟ್ಟಗಾಗುವಂತೆಯೂ ಇರಲಿಲ್ಲ. ಸೊಂಟ ಹಿಡಿಯಿತು. ಮೈ ಹೊರಳಿಸಿದಾಗ ಕೈಯ ಭಾರ, ಬೇಕೆಂದಲ್ಲ, ಬೆರಳಿನ ಮೇಲೆ ಬಿತ್ತು. ದನಿ ಹಾಡಾಗಿ ಉಳಿಯದೆ ನರಳಿಕೆಯಾಯಿತು, ನರಳಿಕೆ ಗೊರಕೆಯಾಯಿತು. ಆರು ತಲೆಗಳು, ನಾಲ್ಕು ಬೋಳು, ಎರಡು ನರೆತವು, ಒಟ್ಟಿಗೆ ಕೆಳಗಿಳಿದವು. ಎದೆಗೆ ಗದ್ದ ತಾಗುವವರೆಗೆ ಇಳಿದು, ಮೇಲೇಳುವ ಪೆಟ್ಟು ಇನ್ನೂ ಬಾರದ್ದರಿಂದ, ಹಾಗೆಯೇ ತೂಗಿಕೊಂಡಿದ್ದವು.